ಎಕ್ಸ್‌ಪಿ ಐತೇನ್ರಿ?

ರಾಯಚೂರಿನ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ವಿಂಡೋಸ್ ಎಕ್ಸ್‌ಪಿ ಕೇಳಿಕೊಂಡು ಬರುವವರು ಇವತ್ತಿಗೂ ಸಿಗುತ್ತಾರೆ. ಒಬ್ಬರಿಗೆ ಹತ್ತಿ ಮಿಲ್ಲಿನ ಹಳೇ ತೂಕದ ಯಂತ್ರಕ್ಕೆ ಅದು ಬೇಕು, ಇನ್ನೊಬ್ಬರಿಗೆ ಲೆಕ್ಕ ಬರೆಯುವ ಹಳೇ ಪ್ಯಾಕೇಜಿಗೆ. ಅವರ ನಡುವೆ ಹಾಡು ರೆಕಾರ್ಡ್ ಮಾಡುವವರೂ ಒಬ್ಬರು ಸಿಪಿಯು ಬಗಲಲ್ಲಿ ಅವುಚಿಕೊಂಡು ನಿಂತಿರುತ್ತಾರೆ. ಅಂಗಡಿಯ ಹುಡುಗ ಎಕ್ಸ್‌ಪಿ ಕಾಲ ಮುಗಿದ ಮೇಲೆ ಕೆಲಸ ಕಲಿತವನು. "ಕಾಕಾ, ಹೊಸಾದು ಹಾಕ್ಕೊಡ್ತೀನಿ ತಗೋರಿ. ಅದೆಲ್ಲಾ ಈಗ ಯಾಕ್ ಬೇಕ್ರಿ?" ಅನ್ನುತ್ತಾನೆ. ಕಾಕಾ ಅಷ್ಟೇ ಸಮಾಧಾನದಿಂದ, "ಹೊಸಾದ್ರಾಗ ನನ್ನ ಹಾಡು ತೆರಿಯಂಗಿಲ್ಲಪಾ" ಅನ್ನುತ್ತಾರೆ. ಇಬ್ಬರ ಮಾತೂ ಖರೆ.

ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರಿನಲ್ಲಿ. ಮೈಕ್ರೋಸಾಫ್ಟ್ ಅದರ ಆರೈಕೆ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಅಷ್ಟರೊಳಗೆ ನಮ್ಮ ಕಡೆ ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಕಾಲ ಬಂತು. ಸಣ್ಣ ಊರುಗಳಲ್ಲಿ ಸ್ಟುಡಿಯೋ ಹುಟ್ಟಿದ್ದೂ ಆಗಲೇ. ಮನೆಯ ಒಳಕೋಣೆಯ ಗೋಡೆಗೆ ಕಂಬಳಿ ಹೊಡೆದು, ಒಂದು ಕಂಡೆನ್ಸರ್ ಮೈಕು, ಒಂದು ಕೀಬೋರ್ಡು ಇಟ್ಟುಕೊಂಡರೆ ಆಯಿತು. ಕಂಪ್ಯೂಟರಿನೊಳಗೆ ನ್ಯೂಯೆಂಡೋ, ಕ್ಯೂಬೇಸ್ ಅಥವಾ ಕೂಲ್ ಎಡಿಟ್ ಪ್ರೊ. ತಾಳದ ಲೂಪ್ ಕಟ್ಟಲು ಫ್ರೂಟಿ ಲೂಪ್ಸ್. 1997ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ, 2003ರಲ್ಲಿ ಎಫ್‌ಎಲ್ ಸ್ಟುಡಿಯೋ ಆದ ಆ ಸಾಫ್ಟ್‌ವೇರಿನಲ್ಲಿ ನಮ್ಮ ಎಷ್ಟು ಜಾತ್ರೆಯ ಹಾಡುಗಳಿಗೆ ಡೋಲಕ್ ಕೂಡಿಸಿದರೋ!

ಆ ಕಂಬಳಿಯ ಕೋಣೆಗಳಲ್ಲಿ ಕೂತು ಹಾಡಿದವರ ಬಗ್ಗೆ ಒಂದಿಷ್ಟು ಹೇಳಲೇಬೇಕು. ಮಾನ್ವಿ ತಾಲೂಕಿನ ಚೀಕಲಪರ್ವಿ ವಿಜಯದಾಸರ ಊರು. ಅವರ ಶಿಷ್ಯ ಗೋಪಾಲದಾಸರದು ಮೊಸರಕಲ್ಲು, ದೇವದುರ್ಗದ ಕಡೆಯದು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲೇ. ಒಂದೇ ಶತಮಾನದಲ್ಲಿ, ಇಷ್ಟು ಸಣ್ಣ ಸೀಮೆಯಲ್ಲಿ ಈ ಮೂವರು ಇದ್ದರು ಅನ್ನುವುದು ನನಗೆ ಇಂದಿಗೂ ಬೆರಗು. ಕಾರ್ತಿಕ ಶುದ್ಧ ದಶಮಿಗೆ, ವಿಜಯದಾಸರ ಆರಾಧನೆಯ ದಿನ, ಚೀಕಲಪರ್ವಿಯಲ್ಲಿ ಭಜನಾ ಮಂಡಳಿಗಳ ಹಾಡು ಕೇಳಬೇಕು. ಇನ್ನೊಂದು ಕಡೆ ವಚನಗಳಿಗೆ ಹಿಂದುಸ್ತಾನಿ ರಾಗದ ಮೈಕಟ್ಟು ಕೊಟ್ಟ ಸಿದ್ಧರಾಮ ಜಂಬಲದಿನ್ನಿಯವರು. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ಜತೆಗೆ ಮೊಹರಂ ದಿನಗಳ ಅಲಾಯಿ ಪದ, ಏಕತಾರಿಯ ತತ್ವಪದ, ಬಯಲಾಟದ ಪದ. ಇಂಥ ಹಾಡು ಬಾಯಲ್ಲಿಟ್ಟುಕೊಂಡಿದ್ದ ಮುತ್ಯಾಗಳು, ಅಮ್ಮಂದಿರು ಜೀವಮಾನದಲ್ಲಿ ಒಂದೇ ಸಲ ಮೈಕಿನ ಮುಂದೆ ಕೂತರು. ಅವರಲ್ಲಿ ಅನೇಕರು ಈಗಿಲ್ಲ.

ಹಾಗಾದರೆ ಹಾಡು ಸಿಡಿಯಲ್ಲಿದೆಯಲ್ಲ, ಎಂಪಿತ್ರಿ ಮೊಬೈಲಿನಲ್ಲಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಆಗಿನ ಬೇಡಿಕೆ ಬೇರೆ ಇತ್ತು. ಮುತ್ಯಾನ ದನಿಯ ಮೇಲೆ ಕೀಬೋರ್ಡಿನ ಪಿಟೀಲು, ಅದರ ಮೇಲೆ ಡೋಲಕ್ ಲೂಪು, ಕೊನೆಗೆ ಗುಹೆಯಲ್ಲಿ ಹಾಡಿದಷ್ಟು ಎಕೋ. ಏಕತಾರಿ ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ. ಆ ದನಿ ಒಂಟಿಯಾಗಿ ಉಳಿದಿರುವುದು ಪ್ರಾಜೆಕ್ಟ್ ಫೈಲಿನೊಳಗೆ ಮಾತ್ರ. ಆಡಿಯೋ ಫೋಲ್ಡರ್ ತೆರೆದರೆ ನೂರಾರು ತುಣುಕುಗಳು, ಬರೀ ನಂಬರಿನ ಹೆಸರಿನವು. ಪಲ್ಲವಿಯ ಮೊದಲ ಸಾಲು ಒಂದು ಟೇಕಿನದು, ಎರಡನೆಯದು ಇನ್ನೊಂದರದು. ಯಾವ ತುಣುಕು ಎಲ್ಲಿ ಕೂಡಬೇಕು ಅನ್ನುವುದು ಪ್ರಾಜೆಕ್ಟ್ ಫೈಲಿಗೆ ಗೊತ್ತು. ಆ ಫೈಲಿನ ಭಾಷೆ ಹಳೇ ಸಾಫ್ಟ್‌ವೇರಿಗೆ ಗೊತ್ತು. ಕೂಲ್ ಎಡಿಟ್ ಅನ್ನು 2003ರಲ್ಲಿ ಅಡೋಬಿ ಕೊಂಡು ಆಡಿಷನ್ ಎಂದು ಕರೆಯಿತು. 2011ರಲ್ಲಿ ಅದನ್ನು ಹೊಸದಾಗಿ ಬರೆದಾಗ ಹಳೇ ಸೆಷನ್ ಫೈಲು ನೇರ ತೆರೆಯುವ ದಾರಿ ಮುಚ್ಚಿತು. ಅದಕ್ಕೂ ಹಿಂದಿನ ಆಡಿಷನ್ 3ರಲ್ಲಿ ತೆರೆದು ಎಕ್ಸ್‌ಎಂಎಲ್ ಆಗಿ ಉಳಿಸಿದರೆ ಮಾತ್ರ ಮುಂದಿನದಕ್ಕೆ ದಾಟುತ್ತದೆ. ಕಾಕಾ ಎಕ್ಸ್‌ಪಿ ಕೇಳುವುದು ಇದಕ್ಕೇ.

ಈಗ ಹಾಕುವ ಮಾತು. ಸ್ವಲ್ಪ ಇತ್ತೀಚಿನ ಬೋರ್ಡಿಗೆ ಎಕ್ಸ್‌ಪಿ ಸಿಡಿ ಹಾಕಿದರೆ ನೀಲಿ ಪರದೆ ಬಂದು 7ಬಿ ಎಂದು ಕೊನೆಯಾಗುವ ಒಂದು ನಂಬರ್ ತೋರಿಸಿ ನಿಲ್ಲುತ್ತದೆ. ಬಹಳ ಜನ ಹಾರ್ಡ್‌ಡಿಸ್ಕ್ ಹೋಯಿತೆಂದು ಅಲ್ಲೇ ಕೈಬಿಡುತ್ತಾರೆ. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ, ಅದಕ್ಕೆ ಡಿಸ್ಕ್ ಕಾಣುವುದಿಲ್ಲ. ಬಯೋಸ್‌ಗೆ ಹೋಗಿ ಸಾಟಾ ಮೋಡನ್ನು ಐಡಿಇಗೆ ಬದಲಿಸಿದರೆ ಪರದೆ ಮುಂದೆ ಸಾಗುತ್ತದೆ. ಆಮೇಲೆ ಸರ್ವಿಸ್ ಪ್ಯಾಕ್ 3. ಇಂಟರ್ನೆಟ್ಟಿನ ವಯರ್ ಮಾತ್ರ ಜೋಡಿಸಬೇಡಿ. ಕಾವಲಿಲ್ಲದ ಮನೆ ಅದು. ಬೇಕಾದ ಡ್ರೈವರನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ನಾಲ್ಕು ಜಿಬಿಗಿಂತ ಹೆಚ್ಚು ರ‍್ಯಾಮ್ ಹಾಕಿಯೂ ಪ್ರಯೋಜನವಿಲ್ಲ, 32 ಬಿಟ್ಟಿನ ಎಕ್ಸ್‌ಪಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ ತಾರೀಕು ಎಲ್ಲೋ ಹಿಂದಕ್ಕೆ ಓಡಿರುತ್ತದೆ. ಮೊದಲು ಅದನ್ನು ಬದಲಿಸಿ. ಹಳೇ ಕ್ಯೂಬೇಸ್, ನ್ಯೂಯೆಂಡೋ ಕೊಂಡವರ ಹತ್ತಿರ ಲೈಸೆನ್ಸಿನ ಯುಎಸ್‌ಬಿ ಡಾಂಗಲ್ ಇರುತ್ತದೆ. ಅದನ್ನು ಬಂಗಾರದಂತೆ ಕಾಯಬೇಕು. ಸ್ಟೈನ್‌ಬರ್ಗ್ ಆ ಡಾಂಗಲ್ ಸೇವೆಯನ್ನು 2025ರ ಮೇ ತಿಂಗಳಲ್ಲಿ ಮುಚ್ಚಿತು. ಅದರಲ್ಲಿರುವ ಲೈಸೆನ್ಸ್ ನಡೆಯುತ್ತದೆ, ಆದರೆ ಡಾಂಗಲ್ ಮುರಿದರೆ ಮುಗಿಯಿತು. ಕೊನೆಗೆ ಸೌಂಡ್ ಕಾರ್ಡಿನ ಬಫರ್. 256ಕ್ಕೆ ಇಟ್ಟರೆ ದನಿ ತುಸುವೇ ತಡವಾಗಿ ಕಿವಿಗೆ ಬರುತ್ತದೆ, ಹಾಡುವವರಿಗೆ ತೊಂದರೆ ಇಲ್ಲ. ಬರೀ ಹಳೇ ಫೈಲು ತೆರೆಯುವುದಾದರೆ 1024ಕ್ಕೆ ಇಡಿ, ಮುದಿ ಯಂತ್ರ ತಡವರಿಸುವುದಿಲ್ಲ.

ನಮ್ಮೂರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿದು. ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ, ಫ್ಯಾನಿನ ರೆಕ್ಕೆಗೆ ಎರೆಮಣ್ಣಿನ ಧೂಳು ಮೆತ್ತಿರುತ್ತದೆ. ಬೆಳಗಿನ ಜಾವವೇ ಈ ಕೆಲಸಕ್ಕೆ ಒಳ್ಳೆಯದು. ಸ್ಪೀಕರಿನಲ್ಲಿ ಗುಂಯ್ ಎಂಬ ದನಿ ಬಂದರೆ ಸೌಂಡ್ ಕಾರ್ಡನ್ನು ಬೈಯುವ ಮುಂಚೆ ಅರ್ಥಿಂಗ್ ನೋಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ. ಉಪ್ಪು, ಇದ್ದಿಲು ಹಾಕಿದ ಆ ಗುಂಡಿಗೆ ಎರಡು ಕೊಡ ನೀರು ಸುರಿದ ಮೇಲೆ ಗುಂಯ್ ಇಳಿದದ್ದನ್ನು ನಾನೇ ಕೇಳಿದ್ದೇನೆ.

ಮಾನ್ವಿಯ ಸ್ನೇಹಿತರೊಬ್ಬರ ಮನೆಯಲ್ಲಿ ಹೀಗೆ ಒಂದು ನ್ಯೂಯೆಂಡೋ ಪ್ರಾಜೆಕ್ಟ್ ತೆರೆದೆವು. ಕೆಲವು ಪ್ಲಗಿನ್ ಸಿಗಲಿಲ್ಲ ಎಂದು ಹೇಳಿತು. ಸಿಗದಿದ್ದರೇನು, ಅವು ಎಕೋಗೆ ಹಾಕಿದ್ದವು. ಪಿಟೀಲು ಮ್ಯೂಟ್, ಲೂಪು ಮ್ಯೂಟ್, ಕೋರಸ್ ಮ್ಯೂಟ್. ಉಳಿದದ್ದು ಒಂದೇ ಟ್ರ್ಯಾಕು, ಅದರಲ್ಲಿ ಸ್ನೇಹಿತರ ಅಜ್ಜಿ. ಕಾಳಿ ಎರಡರ ಪಟ್ಟಿಗೆ ಕೂಡಿಸಲು ಆಗ ಎಷ್ಟು ಒದ್ದಾಡಿದ್ದರೋ, ಅಜ್ಜಿ ಮಾತ್ರ ತನ್ನ ಶ್ರುತಿಯಲ್ಲೇ, ಕಾಳಿ ಎರಡಕ್ಕೆ ಕೂದಲೆಳೆಯಷ್ಟು ಕೆಳಗೆ, ನಿರುಮ್ಮಳವಾಗಿ ಹಾಡುತ್ತಿದ್ದಳು. ನುಡಿಯ ನಡುವೆ ಉಸಿರು, ಬಳೆ ಸದ್ದು, ಪೇಟಿಯ ತಿದಿ ಒತ್ತಿದ ಸದ್ದು, "ಇನ್ನೊಮ್ಮೆ ಅಂತೀನಿ ತಡೀರಿ" ಅನ್ನುವ ಮಾತು. ಸಿಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಮನೆಯವರೆಲ್ಲ ಒಳಗಿಂದ ಬಂದು ನಿಂತರು.

ಹೀಗೆ ತೆರೆದ ಮೇಲೆ ಮತ್ತೆ ಅದೇ ಪ್ರಾಜೆಕ್ಟಿನಲ್ಲಿ ಮುಚ್ಚಿಡಬಾರದು. ಒಂದೊಂದು ಟ್ರ್ಯಾಕನ್ನೂ ಸೊನ್ನೆಯಿಂದ ಹಾಡು ಮುಗಿಯುವವರೆಗೆ ಒಂದೇ ಉದ್ದಕ್ಕೆ, ವೇವ್ ಫೈಲಾಗಿ ತೆಗೆದಿಡಬೇಕು; ಎಂಪಿತ್ರಿ ಬೇಡ. ಆಗ ನಾಳೆ ಯಾವ ಸಾಫ್ಟ್‌ವೇರಿನಲ್ಲಿ ಹಾಕಿದರೂ ಒಂದರ ಕೆಳಗೊಂದು ಸರಿಯಾಗಿ ಕೂಡುತ್ತವೆ. ಪಕ್ಕದಲ್ಲೊಂದು ನೋಟ್‌ಪ್ಯಾಡ್ ಫೈಲು: ಹಾಡಿದವರ ಹೆಸರು, ಊರು, ಯಾರಿಂದ ಕಲಿತದ್ದು, ಪಟ್ಟಿ, ಲಯ. ಎರಡು ಡಿಸ್ಕಿನಲ್ಲಿ ನಕಲು, ಅವೆರಡೂ ಒಂದೇ ಮನೆಯಲ್ಲಿ ಬೇಡ. ಸ್ಟುಡಿಯೋದವರು ತಮ್ಮ ಹಾಡು ಎಂದು ಇಟ್ಟುಕೊಳ್ಳದೆ, ಹಾಡಿದವರ ಮನೆಗೂ ಒಂದು ಪ್ರತಿ ಕೊಡಬೇಕು. ಅದು ಅವರ ಹಕ್ಕು.

ದೇವದುರ್ಗದಲ್ಲಿ ಒಬ್ಬರ ಕಪಾಟಿನಲ್ಲಿ ಕೂಲ್ ಎಡಿಟ್ ಸೆಷನ್ ತುಂಬಿದ ಸಿಡಿಗಳ ಒಂದು ಕಂತೆ ಇದೆ, ಬಹುಪಾಲು ತತ್ವಪದಗಳು. ಕೆಲವಕ್ಕೆ ಮೇಲಿನ ಪದರ ಏಳತೊಡಗಿದೆ. ಒಂದು ಡ್ರೈವ್ ಓದದ ಸಿಡಿಯನ್ನು ಇನ್ನೊಂದು ಓದುವುದುಂಟು, ಅದಕ್ಕೇ ಬೇರೆ ಬೇರೆ ಕಂಪನಿಯ ಹಳೇ ಸಿಡಿ ರೈಟರ್‌ಗಳನ್ನು ಕೂಡಿಹಾಕುತ್ತಿದ್ದೇವೆ. ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಮಾತು ತಿಳಿಸಿ. ಐಡಿಇ ಆದರೂ ನಡೀತದೆ, ಸಾಟಾ ಆದರೂ ನಡೀತದೆ.