ನೋಡುವ ಕಣ್ಣಿನ ಹೊಣೆ

ರೋಮ್ ನಗರದ ಕೊಲೋಸಿಯಮ್ ಎಂಬ ಪ್ರಾಚೀನ ರಂಗಸ್ಥಳವನ್ನು ನೋಡಲು ಹೋದವರನ್ನು ಮೊದಲು ಸೆರೆಹಿಡಿಯುವುದು ಅದರ ಭವ್ಯತೆ. ವೆಸ್ಪಾಸಿಯನ್ ಚಕ್ರವರ್ತಿಯು ಆರಂಭಿಸಿದ ಈ ಕಟ್ಟಡವನ್ನು ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದನು. ಸುಮಾರು 50 ಸಾವಿರ ಜನರು ಕುಳಿತುಕೊಳ್ಳಬಹುದಾಗಿದ್ದ ಇದಕ್ಕೆ 80 ದ್ವಾರಗಳಿದ್ದವು. ಕೆಲವು ಕಮಾನುಗಳ ನೆತ್ತಿಯ ಮೇಲೆ ಅಂದಿನ ಅಂಕೆಗಳು ಇಂದಿಗೂ ಕಾಣುತ್ತವೆ.

ಒಳಹೊಕ್ಕ ಮೇಲೆ ಮೆಚ್ಚುಗೆ ನಿಧಾನವಾಗಿ ಮೌನಕ್ಕೆ ತಿರುಗುತ್ತದೆ. ರಂಗದ ನೆಲ ಬಹುಮಟ್ಟಿಗೆ ಇಲ್ಲವಾಗಿರುವುದರಿಂದ ಕೆಳಗಿನ ನೆಲಮಾಳಿಗೆ ಬಯಲಿಗೆ ಬಿದ್ದಿದೆ. ಕಾಡುಮೃಗಗಳನ್ನು ಪಂಜರಸಮೇತ ಮೇಲಕ್ಕೆತ್ತಲು ಗುಲಾಮರು ರಾಟೆಗಳನ್ನು ತಿರುಗಿಸುತ್ತಿದ್ದುದು ಆ ಕತ್ತಲೆಯಲ್ಲಿಯೇ. ಮೇಲಿನ ಹಲಗೆಗಳ ಮೇಲೆ, ಚೆಲ್ಲಿದ ರಕ್ತವನ್ನು ಹೀರಲೆಂದು ಮರಳನ್ನು ಹಾಸುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಮರಳಿಗೆ ‘ಹರೇನಾ’ ಎಂದು ಹೆಸರು. ಇಂದು ಕ್ರೀಡಾಂಗಣಕ್ಕೆ ಬಳಸುವ ‘ಅರೀನಾ’ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಉದ್ಘಾಟನೆಯ 100 ದಿನಗಳ ಉತ್ಸವದಲ್ಲಿ 9 ಸಾವಿರ ಪ್ರಾಣಿಗಳನ್ನು ಕೊಂದರೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಯುದ್ಧಕೈದಿಗಳು, ಗುಲಾಮರು, ದಂಡನೆಗೆ ಗುರಿಯಾದವರು ಇಲ್ಲಿ ಹೋರಾಡಿ ಮಡಿದರು.

ಈ ಹಿಂಸೆಯ ಪಾಪ ಯಾರದು? ಅರಸನದು ಎಂದುಬಿಡುವುದು ಸುಲಭ. ಆದರೆ ನೋಡುವವರಿಲ್ಲದೆ ಆಟವಿಲ್ಲ. ಮುಂದಿನ ಸಾಲಿನಲ್ಲಿ ಗಣ್ಯರು, ಮೇಲಿನ ಅಂತಸ್ತಿನಲ್ಲಿ ಬಡವರು ಮತ್ತು ಸ್ತ್ರೀಯರು. ಆಸನದಲ್ಲಿ ಮೇಲುಕೀಳು ಇದ್ದಿತು, ಕ್ರೌರ್ಯವನ್ನು ಸವಿಯುವುದರಲ್ಲಿ ಇರಲಿಲ್ಲ. ಈ ಕಟ್ಟಡ ಏಳುವುದಕ್ಕೆ ಮೊದಲೇ ತತ್ತ್ವಜ್ಞಾನಿ ಸೆನೆಕ, ಇಂಥ ಪ್ರದರ್ಶನ ನೋಡಿ ಮನೆಗೆ ಮರಳುವವನು ಹೋದಾಗಿಗಿಂತ ಕ್ರೂರನಾಗಿರುತ್ತಾನೆಂದು ತನ್ನನ್ನೇ ಉದಾಹರಿಸಿ ಎಚ್ಚರಿಸಿದ್ದನು.

ಅಗಸ್ಟೀನನು ತನ್ನ ಆತ್ಮಕಥನದಲ್ಲಿ ಗೆಳೆಯ ಅಲಿಪಿಯಸನ ಪ್ರಸಂಗವೊಂದನ್ನು ಹೇಳಿದ್ದಾನೆ. ಈ ಆಟಗಳನ್ನು ದ್ವೇಷಿಸುತ್ತಿದ್ದ ಅಲಿಪಿಯಸನನ್ನು ರೋಮಿನಲ್ಲಿ ಸಂಗಡಿಗರು ಬಲವಂತದಿಂದ ಎಳೆದೊಯ್ದರು. ಅವನು ಕಣ್ಣು ಮುಚ್ಚಿ ಕುಳಿತನು. ಕಿವಿ ಮಾತ್ರ ತೆರೆದಿತ್ತು. ಜನಸ್ತೋಮದ ಆರ್ಭಟ ಕೇಳಿ ಕಣ್ಣು ತೆರೆದನು. ಅಲ್ಲಿಂದ ಮುಂದೆ ಅವನೂ ಕೂಗಿದನು, ಮತ್ತೆ ಮತ್ತೆ ಬಂದನು, ಇತರರನ್ನೂ ಕರೆತಂದನು. ಬಹುಕಾಲದ ಬಳಿಕವೇ ಅವನು ಅದರಿಂದ ಬಿಡಿಸಿಕೊಂಡದ್ದು. ಮರಳಿನ ಮೇಲೆ ಬಿದ್ದವನಿಗೆ ಗಾಯ ದೇಹದ ಮೇಲೆ. ಮೇಲೆ ಕುಳಿತವನಿಗೆ ಗಾಯ ಅಂತರಂಗದಲ್ಲಿ.

ಕಲ್ಲಿನ ಆಸನಗಳು ಕಳಚಿ ಹೋಗಿವೆ. ಆದರೆ ಪ್ರೇಕ್ಷಕನ ಸ್ಥಾನ ಬರಿದಾಗಿಲ್ಲ. ಬೀದಿಯಲ್ಲಿ ಒಬ್ಬನನ್ನು ಹತ್ತು ಜನ ಹೊಡೆಯುವಾಗ ಬಿಡಿಸಲು ಚಾಚಬೇಕಾದ ಕೈ ಮೊಬೈಲ್ ಎತ್ತಿ ಚಿತ್ರೀಕರಿಸುತ್ತದೆ. ಅದನ್ನು ಸಾವಿರಾರು ಜನ ಮನೆಯಲ್ಲಿ ಕುಳಿತು ನೋಡುತ್ತಾರೆ. ‘ನಾನು ಹೊಡೆಯಲಿಲ್ಲ’ ಎಂಬ ಸಮಾಧಾನ ರೋಮಿನ ಪ್ರೇಕ್ಷಕನಿಗೂ ಇದ್ದಿತು.

1999ರ ಕೊನೆಯಲ್ಲಿ ಅಲ್ಲಿ ಒಂದು ಒಳ್ಳೆಯ ಪರಿಪಾಠ ಮೊದಲಾಯಿತು: ಯಾವುದಾದರೂ ದೇಶ ಮರಣದಂಡನೆಯನ್ನು ಕೈಬಿಟ್ಟಾಗ ಕೊಲೋಸಿಯಮ್‌ಗೆ ಹೊಂಬಣ್ಣದ ಬೆಳಕು ತುಂಬುವುದು. ಸಾವನ್ನು ಸಂಭ್ರಮಿಸಿದ ಗೋಡೆಗಳೇ ಜೀವವನ್ನು ಸಂಭ್ರಮಿಸಬಲ್ಲವಾದರೆ, ಮನುಷ್ಯನ ಮನಸ್ಸು ತಿರುಗಲಾರದೇ? ಕಂಡ ನೋವಿಗೆ ಕರಗುವ ಕಣ್ಣೇ ಕಣ್ಣು.