ಗೇರಿನಲ್ಲಿ ನಿಂತ ಕಾರು, ಕೈಯಲ್ಲಿ ರಿಮೋಟು

ಶಿಗ್ಗಾಂವಿಯಲ್ಲಾಗಲಿ ಹಾನಗಲ್ಲಿನಲ್ಲಾಗಲಿ, ಹಳೆಯ ಕಾರಿಗೆ ಅಲಾರಂ ಕೂರಿಸುವುದು ಕೈ ಪಳಗಿದವರಿಗೆ ದೊಡ್ಡ ಕೆಲಸವೇನಲ್ಲ. ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿ, ಟೆಸ್ಟ್ ಲ್ಯಾಂಪ್ ಹಿಡಿದು 12 ವೋಲ್ಟಿನ ವೈರು, ಬಾಗಿಲಿನ ಸ್ವಿಚ್ಚು, ಇಂಡಿಕೇಟರು ಹುಡುಕಿದರೆ ಅರ್ಧ ಮುಗಿಯಿತು.

ರಿಮೋಟ್ ಸ್ಟಾರ್ಟಿನದು ಬೇರೆಯೇ ಕತೆ. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಲು ಬಂದವರು ಕಾರನ್ನು ಫಸ್ಟ್ ಗೇರಿನಲ್ಲೇ ನಿಲ್ಲಿಸಿ, ಕ್ಲಚ್ಚಿನ ಸ್ವಿಚ್ಚನ್ನೂ ತಪ್ಪಿಸಿ ವೈರು ಎಳೆದಿದ್ದರೆ, ಗುಂಡಿ ಒತ್ತಿದೊಡನೆ ಅದು ಮುಂದಕ್ಕೆ ಜಿಗಿಯುತ್ತದೆ. ನ್ಯೂಟ್ರಲ್ ಮತ್ತು ಹ್ಯಾಂಡ್‌ಬ್ರೇಕ್ ವೈರು ಅದಕ್ಕೇ ಬೇಕು.

ಚಿಪ್ ಇರುವ ಕೀಲಿಯಾದರೆ, ಅದು ಹತ್ತಿರವಿಲ್ಲದೆ ರಿಮೋಟಿಗೆ ಇಂಜಿನ್ ಹತ್ತದೆಂದು ಕೆಲವರು ಎರಡನೆಯ ಕೀಲಿಯನ್ನು ಡ್ಯಾಶ್‌ಬೋರ್ಡಿನೊಳಗೆ ಅಡಗಿಸುತ್ತಾರೆ. ಕಳ್ಳನಿಗೆ ಚಾಪೆ ಹಾಸಿಕೊಟ್ಟಂತೆ!

ಹಿರೇಕೆರೂರಿನ ಮಳೆಗಾಲದಲ್ಲಿ, ಬೆಸುಗೆಯಿಲ್ಲದೆ ತಿರುಚಿ ಟೇಪು ಸುತ್ತಿದ ವೈರಿಗೆ ಕಿಲುಬು ಹಿಡಿದರೆ ಸೈರನ್ನು ನಡುರಾತ್ರಿ ಓಣಿಯನ್ನೆಲ್ಲ ಎಬ್ಬಿಸುತ್ತದೆ.