ಒಂದು ಟೋಪಿ ಬಿಲ್ಲೆ

ಹಳೆಯ ಸೈನಿಕರ ಟೋಪಿ ಬಿಲ್ಲೆಗಳನ್ನು ಕೂಡಿಡುವ ಗೀಳು ನಮಗೆ ಹತ್ತಿದುದು ಮುತ್ತಜ್ಜನಿಂದ. ಅವರು ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸವಾರರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಭರ್ಜಿ ಹಿಡಿದು, ತುರ್ಕರ ಫಿರಂಗಿಗಳಿಗೆ ಎದೆಯೊಡ್ಡಿ ಹೈಫಾ ನಗರವನ್ನು ಗೆದ್ದ ದಳವದು. ಅವರ ಗಂಡಭೇರುಂಡದ ಬಿಲ್ಲೆ ಮಾತ್ರ ಎಂದೋ ಹಳೆಯ ಹಿತ್ತಾಳೆ ಪಾತ್ರೆಗಳೊಡನೆ ಮಾರಿಹೋಗಿತ್ತು.

ಕಳೆದ ಬೇಸಗೆಯಲ್ಲಿ ಚೆನ್ನೈಗೆ, ಕೋಯಂಬೇಡಿನ ಸೋದರಮಾವನ ಮನೆಗೆ ಹೋಗಿದ್ದೆವು. ತರಕಾರಿ ಪೇಟೆಯಿಂದ ಮರಳುವಾಗ ಗುಜರಿ ಅಂಗಡಿಯೊಂದರಲ್ಲಿ ಕಿಲುಬು ಹಿಡಿದ ಗಂಡಭೇರುಂಡದ ಬಿಲ್ಲೆಯೊಂದು ಕಣ್ಣಿಗೆ ಬಿದ್ದಿತು. ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟೆವು. (ಸಂಗ್ರಾಹಕರು ಎಂದಿಗೂ ಮಾಡಬಾರದ ತಪ್ಪು!) ತೊಂಬತ್ತು ದಾಟಿದ ನಮ್ಮ ಅಜ್ಜಿ, ಮುತ್ತಜ್ಜನ ಮಗಳು, ಅದನ್ನು ಸವರಿ ಸವರಿ ಕಣ್ಣಿಗೊತ್ತಿಕೊಂಡರು.

ರಾತ್ರಿ ಹುಣಿಸೆಹಣ್ಣು ಹಚ್ಚಿ ತಿಕ್ಕಿದಾಗ ಹಕ್ಕಿಯ ಮೇಲೆ ಸಾರನಾಥದ ಸಿಂಹಗಳು ಮೂಡಿದವು. ಬಿಲ್ಲೆಯ ಕಾಲವನ್ನು ಗುರುತಿಸಲು ಮೊದಲು ನೋಡಬೇಕಾದುದು ನೆತ್ತಿಯನ್ನೇ. ಕಿರೀಟವಿದ್ದರೆ ಅರಸರ ಕಾಲದ್ದು. ಸಿಂಹಗಳಾದರೋ ರಾಷ್ಟ್ರಲಾಂಛನವಾದುದು 1950ರಲ್ಲಿ. ಇದು ಹೈಫಾ ಕಂಡ ಬಿಲ್ಲೆಯಲ್ಲ. ನಮ್ಮ ರಾಜ್ಯ ಸರ್ಕಾರದ ಯಾವುದೋ ಇಲಾಖೆಯದು. ಅಜ್ಜಿಗೆ ಹೇಳುವುದೋ ಬೇಡವೋ ಎಂದು ನಿದ್ದೆ ಬರಲಿಲ್ಲ.

ಬೆಳಗ್ಗೆ ಹೇಳಿಬಿಟ್ಟೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಪ್ಪನದು ಇನ್ನೂ ಎಲ್ಲಿಯೋ ಇದೆ. ಹುಡುಕಪ್ಪ” ಎಂದರು.